ಚೀಲದ ಬಾಯಿಗೆ ಕಟ್ಟಿದ ಎಳೆ

ರೇಷ್ಮೆ ಇಲಾಖೆಗೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಮೊಟ್ಟೆಯಿಂದ ಹಿಡಿದು ಗೂಡಿನವರೆಗೆ ಎಲ್ಲವನ್ನೂ ಹೇಳಿಕೊಡುತ್ತಾರೆ. ಯಾವ ಹಂತಕ್ಕೆ ಎಂಥ ಸೊಪ್ಪು, ಯಾವ ರೋಗಕ್ಕೆ ಯಾವ ಪುಡಿ, ಹುಳು ಹಣ್ಣಾದದ್ದನ್ನು ಗುರುತಿಸುವುದು ಹೇಗೆ, ಎಲ್ಲ. ಬಿಡಿಸಿದ ಗೂಡನ್ನು ಯಾತರಲ್ಲಿ ತುಂಬಿಕೊಂಡು ಮಾರುಕಟ್ಟೆಗೆ ಹೋಗಬೇಕು ಅನ್ನುವುದನ್ನು ಮಾತ್ರ ಕೊನೆಯ ದಿನ, ಊಟದ ಗಂಟೆ ಹೊಡೆಯುವ ಹೊತ್ತಿಗೆ, ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನ್ನ ಕಾಲದಲ್ಲೂ ಹಾಗೇ ಮುಗಿಸಿದ್ದರು. ಆ ಒಂದು ವಾಕ್ಯದ ಹಿಂದೆ ನಾನು ಅರ್ಧ ನೌಕರಿ ಸವೆಸಿದೆ. ಈಗ ಸೇರುವ ಹುಡುಗ ಹುಡುಗಿಯರು ಅಷ್ಟೊಂದು ಸವೆಸಬೇಕಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ರೇಷ್ಮೆ ಪ್ರದರ್ಶಕಿಯಾಗಿದ್ದೆ. ಪ್ರದರ್ಶಕಿ ಅಂದರೆ ನಾಟಕ ಕಂಪನಿಯವಳೇನೋ ಅಂದುಕೊಂಡ ನೆಂಟರೂ ಇದ್ದರು. ಕೆಲಸ ಇಷ್ಟೇ: ಹಳ್ಳಿ ಹಳ್ಳಿ ತಿರುಗುವುದು, ಹುಳು ಸಾಕುವ ಮನೆಗಳ ಒಳಗೆ ಹೋಗಿ ನೋಡುವುದು, ಬುದ್ಧಿ ಹೇಳುವುದು, ಬೈಸಿಕೊಳ್ಳುವುದು. ಮಾಗಡಿ ಕಡೆ ಶುರುಮಾಡಿ, ಕನಕಪುರ ಸುತ್ತಿ, ಕೊನೆಗೆ ಚನ್ನಪಟ್ಟಣದ ಹಳ್ಳಿಗಳಿಗೆ ಬಂದು ನಿಂತೆ. ಜನ ನನಗಿಟ್ಟ ಹೆಸರು ‘ಹುಳದ ಮೇಡಮ್ಮ’. ಹುಳುಮನೆಯ ವಾಸನೆ ಸೀರೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಬಸ್ಸು ತುಂಬಿ ತುಳುಕುತ್ತಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಮೊದಮೊದಲು ಅವಮಾನವಾಗುತ್ತಿತ್ತು, ಆಮೇಲೆ ಕಾಲು ಚಾಚಿಕೊಂಡು ಕೂರುವುದನ್ನು ಕಲಿತೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಬಂದಾಗ ನನಗೆ ಮೊಣಕಾಲು ನೋವು ಶುರುವಾಗಿತ್ತು, ಯಾವುದಕ್ಕೂ ಸಂತೋಷಪಡುವ ಸ್ಥಿತಿಯಲ್ಲಿರಲಿಲ್ಲ.

ಪ್ಲಾಸ್ಟಿಕ್ ನಮ್ಮ ಕಡೆಗೆ ಹೇಗೆ ಬಂತು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅದು ಮನೆ ಹೊಕ್ಕಿದ್ದು ಒಡವೆಯ ಹಾಗೆ. ನಾನು ಮೊದಲು ಕೆಲಸ ಮಾಡಿದ ಸೋಲೂರು ಹೋಬಳಿಯಲ್ಲಿ ಬಟ್ಟೆ ಅಂಗಡಿಯವರು ಸೀರೆಯ ಜೊತೆ ಕೊಟ್ಟ ಕವರನ್ನು ಹೆಂಗಸರು ತೊಳೆದು, ತೆಂಗಿನ ಗರಿಯ ಮೇಲೆ ಒಣಹಾಕಿ, ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಮದುವೆಗೆ ಹೋಗುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಪಕ್ಕದ ಮನೆಯವರು ಎರವಲು ಕೇಳಿದರೆ ಹಿಂದುಮುಂದು ನೋಡುತ್ತಿದ್ದರು. ಕವರು ಹರಿದರೆ ಬಿಸಿ ಸೌಟು ತಾಗಿಸಿ ಅಂಟಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಬಿಟ್ಟಿ ಸಿಗಲು ಶುರುವಾದ ಮೇಲೆ ತಾನೇ ಅದನ್ನು ಎಸೆಯಲು ಶುರುಮಾಡಿದ್ದು.

ಅದೇ ಸೋಲೂರಿನಲ್ಲಿ ಒಬ್ಬ ರೈತ ಮರಿಹುಳುಗಳನ್ನು ತರಲು ಮಾಗಡಿಗೆ ಹೋದ. ಮರಿಹುಳು ಅಂದರೆ ಎಳೆಗೂಸಿನ ಹಾಗೆ. ಒದ್ದೆ ಬಟ್ಟೆ ಹೊದಿಸಿದ ಬಿದಿರು ಬುಟ್ಟಿಯಲ್ಲಿ ತರುವುದು ವಾಡಿಕೆ. ಆತ ಹೆಂಡತಿಯ ಟ್ರಂಕಿನಿಂದ ಸೀರೆಯ ಕವರನ್ನು ಕೇಳಿ ಪಡೆದು, ಹುಳುಗಳನ್ನು ಅದರಲ್ಲಿ ಹಾಕಿ, ಥಂಡಿಗಾಳಿ ಸೋಕದಿರಲಿ ಅಂತ ಗಟ್ಟಿಯಾಗಿ ಗಂಟು ಹಾಕಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ನಾನು ಅವನ ಮನೆಯಲ್ಲೇ ಕಾಯುತ್ತಿದ್ದೆ. ಬಿಚ್ಚಿದರೆ ಕವರಿನ ಒಳಗೆಲ್ಲ ನೀರು, ಹುಳುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಒಂದೂ ಅಲುಗಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ಎತ್ತದೆ, ‘ಒಳ್ಳೆ ಕವರ್ನಲ್ಲೇ ತಂದಿದ್ನಲ್ಲ ಮೇಡಮ್ಮ’ ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ವಸ್ತುವನ್ನೇ ಅವನು ಹುಳುಗಳಿಗೆ ಕೊಟ್ಟಿದ್ದ.

ಇನ್ನು ರಾಮನಗರದ ಗೂಡಿನ ಮಾರುಕಟ್ಟೆಯ ವಿಷಯ. ನಾನು ಮೊದಲು ನೋಡಿದಾಗ ಅಲ್ಲಿ ಗೋಡೆಯುದ್ದಕ್ಕೂ ಒಂದು ತಂತಿ ಎಳೆದಿತ್ತು. ತಂತಿಯ ತುಂಬ ಖಾಲಿ ಚೀಲಗಳು ನೇತಾಡುತ್ತಿದ್ದವು. ದಪ್ಪ ಹತ್ತಿಬಟ್ಟೆಯ, ಅಗಲ ಬಾಯಿಯ ಚೀಲಗಳು. ಆಗ ಗೂಡನ್ನು ಚೀಲದ ಬಾಯಿ ತೆರೆದಿಟ್ಟೇ ಹರಾಜು ಹಾಕುತ್ತಿದ್ದ ಕಾಲ. ಕೊಂಡ ರೀಲರು, ಅಂದರೆ ಗೂಡು ಬೇಯಿಸಿ ನೂಲು ಬಿಚ್ಚುವವರು, ಮತ್ತೆ ಮತ್ತೆ ಸುರಿದರೆ ಗೂಡು ನಲುಗುತ್ತದೆ ಅಂತ ರೈತನ ಚೀಲದ ಸಮೇತವೇ ಒಯ್ಯುತ್ತಿದ್ದರು. ನೂಲು ಬಿಚ್ಚಿ ಮುಗಿಸಿದ ಮೇಲೆ ಖಾಲಿ ಚೀಲವನ್ನು ತಂದು ಆ ತಂತಿಗೆ ಹಾಕಬೇಕು. ರೈತ ಮುಂದಿನ ಸಲ ಬಂದಾಗ ತನ್ನ ಚೀಲವನ್ನು ತಾನೇ ಇಳಿಸಿಕೊಳ್ಳುತ್ತಿದ್ದ. ಗುರುತಿಗೆ ಪ್ರತಿ ಮನೆಯವರೂ ಬಣ್ಣದ ದಾರದಲ್ಲಿ ಏನಾದರೊಂದು ಹೊಲಿದಿರುತ್ತಿದ್ದರು. ಒಬ್ಬರದು ನೇಗಿಲು, ಒಬ್ಬರದು ಚಂದ್ರ, ಒಬ್ಬರದು ಏನೆಂದು ಅವರಿಗೇ ಗೊತ್ತಿರಲಿಲ್ಲ.

ಚೀಲದ ಬಾಯಿ ಕಟ್ಟುವುದರಲ್ಲೂ ಒಂದು ಪದ್ಧತಿ ಇತ್ತು. ಗೂಡು ಚೆನ್ನಾಗಿ ಬಿಚ್ಚಿಕೊಂಡಿದ್ದರೆ ರೀಲರು ಖಾಲಿ ಚೀಲದ ಬಾಯಿಗೆ ಅದೇ ಗೂಡಿನ ರೇಷ್ಮೆಯ ಎಳೆ ಕಟ್ಟಿ ಕಳಿಸುತ್ತಿದ್ದರು. ನೂಲು ತುಂಡು ತುಂಡಾಗಿ ಸತಾಯಿಸಿದ್ದರೆ ಸೆಣಬಿನ ದಾರ ಕಟ್ಟುತ್ತಿದ್ದರು. ಬೇರೆ ಮಾತೇ ಬೇಡ. ರೈತ ತಂತಿಯ ಮುಂದೆ ನಿಂತರೆ ಸಾಕು, ಈ ಸಲದ ಹುಳು ಹೇಗಿತ್ತು ಅಂತ ತಿಳಿದುಹೋಗುತ್ತಿತ್ತು. ಎಲ್ಲ ರೀಲರುಗಳೂ ಇದನ್ನು ತಪ್ಪದೆ ನಡೆಸುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಆದರೆ ರೈಲ್ವೆ ಗೇಟಿನ ಆಚೆ ಫಿಲೇಚರ್, ಅಂದರೆ ನೂಲು ಬಿಚ್ಚುವ ಕಾರ್ಖಾನೆ, ಇಟ್ಟಿದ್ದ ಖಲೀಲ್ ಸಾಬರು ಒಂದು ಸಲವೂ ಬಿಟ್ಟವರಲ್ಲ. ಸೆಣಬು ಕಟ್ಟಿದ್ದಕ್ಕೆ ಜಗಳಕ್ಕೆ ಬಂದವರನ್ನು ಕೂರಿಸಿ, ಟೀ ಕೊಟ್ಟು, ಯಾಕೆ ಕಟ್ಟಿದೆ ಅಂತ ವಿವರಿಸುವಷ್ಟು ತಾಳ್ಮೆ ಅವರಿಗಿತ್ತು. ನನಗೆ ಆ ತಾಳ್ಮೆ ಯಾವತ್ತೂ ಬರಲಿಲ್ಲ.

ಹೊಂಗನೂರಿನ ಚಿಕ್ಕತಾಯಮ್ಮನ ಮನೆಯ ಚೀಲಕ್ಕೆ ಕೆಂಪು ದಾರದ ಗುಬ್ಬಿ ಇತ್ತು. ಗುಬ್ಬಿ ಅಂತ ಆಕೆ ಹೇಳುತ್ತಿದ್ದಳು. ನೋಡಿದವರೆಲ್ಲ ಬದನೆಕಾಯಿ ಅನ್ನುತ್ತಿದ್ದರು. ಮಾರುಕಟ್ಟೆಯಲ್ಲಿ ಅವಳ ಗೂಡಿಗೆ ‘ಬದನೆಕಾಯಿ ಗೂಡು’ ಅಂತಲೇ ಹೆಸರು. ಆ ಚೀಲದ ಬಾಯಿಗೆ ರೇಷ್ಮೆಯಲ್ಲದೆ ಬೇರೇನೂ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ. ಚಿಕ್ಕತಾಯಮ್ಮ ಮಾರುಕಟ್ಟೆಗೆ ಬಂದವಳೇ ಅಲ್ಲ. ಗೂಡು ತಂದು ಮಾರುವುದು ಅವಳ ಗಂಡ ಬೋರೇಗೌಡನ ಕೆಲಸ, ಹುಳು ಮಾತ್ರ ಪೂರ್ತಿ ಅವಳದು. ಅವಳು ಹುಳುಮನೆ ಗುಡಿಸುವಾಗ ಪೊರಕೆಯ ಸದ್ದು ಕೂಡ ಕೇಳಿಸುತ್ತಿರಲಿಲ್ಲ.

ಆಮೇಲೆ ಯೂರಿಯಾ ಗೊಬ್ಬರ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು. ಬೆಳ್ಳಗೆ, ಹಗುರವಾಗಿ, ನೀರು ಇಳಿಯದ ಹಾಗೆ ಒಳಗೊಂದು ಹಾಳೆ ಬೇರೆ. ಗೊಬ್ಬರ ಸುರಿದ ಮೇಲೆ ಚೀಲ ಬಿಟ್ಟಿ. ಹೊಲಿಸುವ ಖರ್ಚಿಲ್ಲ, ಒಗೆಯುವ ಕೆಲಸವಿಲ್ಲ, ತಂತಿಯ ಮೇಲೆ ಹುಡುಕುವ ರಗಳೆಯಿಲ್ಲ. ಬಸ್ಸಿನ ಟಾಪಿನ ಮೇಲೆ ಹಾಕಿದರೆ ಮಳೆಗೂ ಹೆದರಬೇಕಿಲ್ಲ. ನಾನು ರೈತಳಾಗಿದ್ದರೂ ಅದನ್ನೇ ಹಿಡಿದುಕೊಂಡು ಹೋಗುತ್ತಿದ್ದೆ. ನೋಡನೋಡುತ್ತ ತಂತಿ ಖಾಲಿಯಾಯಿತು. ಕೊನೆಗೆ ಮಾರುಕಟ್ಟೆಯ ಕಾವಲುಗಾರ ಅದರ ಮೇಲೆ ತನ್ನ ಟವೆಲ್ಲು, ಬನಿಯನ್ನು ಒಣಹಾಕಿಕೊಳ್ಳತೊಡಗಿದ. ಗೂಡು ಯಾರ ಮನೆಗೋ ಹೋಗುತ್ತಿತ್ತು, ಚೀಲವೂ ಹೋಗುತ್ತಿತ್ತು, ಅಲ್ಲಿಂದ ಸುದ್ದಿ ಮಾತ್ರ ಏನೂ ಬರುತ್ತಿರಲಿಲ್ಲ.

ಇದೇ ಸಮಯಕ್ಕೆ ನಮಗೊಬ್ಬರು ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯರೇ. ಘೋಷಣೆ ಬರೆಯುವ ಚಟ ಒಂದಿತ್ತು. ಆಫೀಸಿನ ನೀರಿನ ಮಡಕೆಯ ಮೇಲೂ ಎರಡು ಸಾಲಿನ ಘೋಷಣೆ ಬರೆಸಿದ್ದರು. ಅವರು ರೈತರಿಗೆ ಹಂಚಲು ಇಲಾಖೆಯಿಂದ ಹೊಸ ಪ್ಲಾಸ್ಟಿಕ್ ಚೀಲಗಳನ್ನು ತರಿಸಿದರು. ಸೂಜಿ ಮೊನೆಯಷ್ಟೂ ಸಂದಿಯಿಲ್ಲದ ಚೀಲ, ಅದರ ಮೇಲೆ ದೊಡ್ಡ ಹಸಿರು ಅಕ್ಷರದಲ್ಲಿ: ‘ಗಾಳಿಯೇ ಹುಳುವಿನ ಉಸಿರು’. ನಾನು ಓದಿ ನಕ್ಕೆ. ಸಾಹೇಬರು ಸಂತೋಷದಿಂದ, ಚೆನ್ನಾಗಿದೆ ಅಲ್ಲವಾ ಅಂತ ಕೇಳಿದರು. ನಾನು ಅವರ ಮುಖ ನೋಡಿದೆ, ಚೀಲಗಳನ್ನು ಒಯ್ದು ಮೊದಲು ಹೊಂಗನೂರಿನಲ್ಲಿ ಹಂಚಿದೆ. ಅದು ನನಗೆ ಸಂಬಳ ಬರುವ ಕೆಲಸವಾಗಿತ್ತು.

ಆ ಮಳೆಗಾಲದಲ್ಲಿ ಹೊಂಗನೂರಿನ ಗೂಡಿಗೆ ಕೆಟ್ಟ ಹೆಸರು ಬಂತು. ಬೆವರಿದ ಗೂಡು, ಮೆತ್ತನೆ ಗೂಡು, ಒಳಗೆ ಕಲೆ ಬಿದ್ದ ಗೂಡು ಅಂತ ರೀಲರುಗಳು ಮುಟ್ಟದೆ ಮುಂದೆ ಹೋಗುತ್ತಿದ್ದರು. ಬೋರೇಗೌಡ ಒಂದು ಸಲ ಗೂಡನ್ನು ಸಿಕ್ಕಿದ ಬೆಲೆಗೆ ತಳ್ಳಿ ಬಂದ. ಇನ್ನೊಂದು ಸಲ ಯಾರೂ ಕೇಳಲೇ ಇಲ್ಲ. ಊರಿನವರಿಗೆಲ್ಲ ಹುಳುವಿಗೆ ಯಾವುದೋ ಹೊಸ ರೋಗ ಬಂದಿದೆ ಅಂತ ಅನುಮಾನ. ನನ್ನ ಮೇಲೂ ಅನುಮಾನ, ಮೊಟ್ಟೆ ಕೊಡಿಸಿದವಳು ನಾನೇ ಅಲ್ಲವೇ.

ನಾನು ಹೋದಾಗ ಬೋರೇಗೌಡ ಹಿಪ್ಪುನೇರಳೆ ತೋಟದಲ್ಲಿ ನಿಂತು ತೆಂಗಿನ ಸಸಿಗೆ ಎಲ್ಲೆಲ್ಲಿ ಗುಣಿ ತೆಗೆಸಬೇಕು ಅಂತ ಕೋಲು ನೆಡುತ್ತಿದ್ದ. ಹಿಪ್ಪುನೇರಳೆಯನ್ನು ಬುಡಸಮೇತ ಕೀಳಿಸಿಬಿಡುವುದು ಅಂತ ತೀರ್ಮಾನವಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ. ಚಿಕ್ಕತಾಯಮ್ಮ ಹುಳುಮನೆಯ ಬಾಗಿಲಲ್ಲಿ ಕೂತಿದ್ದಳು. ಕೈ ಸುಮ್ಮನಿದ್ದ ಚಿಕ್ಕತಾಯಮ್ಮನನ್ನು ನಾನು ಅವತ್ತೇ ಮೊದಲು ನೋಡಿದ್ದು.

‘ಹುಳ ಇರೋಗಂಟ ಈ ಮನೇಲಿ ನನ್ ಮಾತ್ಗೂ ಒಸಿ ಬೆಲೆ ಐತೆ ಮೇಡಮ್ಮ’ ಅಂದಳು. ‘ತ್ವಾಟ ಕಿತ್ರೆ ನಾನು ಮುದ್ದೆ ತೊಳ್ಸೋಕೆ ಮಾತ್ರ. ಯಾವ್ ರೋಗ ಅಂತ ಹೇಳ್ಬುಡಿ, ರಾತ್ರಿ ಹಗಲು ಕೂತು ವಾಸಿ ಮಾಡ್ಕೊತೀನಿ.’

ಒಳಗೆ ಹೋಗಿ ನೋಡಿದೆ. ಆ ಬೆಳೆಯ ಗೂಡು ಇನ್ನೂ ಬಿದಿರು ಚಂದ್ರಿಕೆಯಲ್ಲೇ, ಹುಳು ಗೂಡು ಕಟ್ಟುವ ಆ ತಟ್ಟೆಯಲ್ಲೇ ಇತ್ತು. ಒಂದನ್ನು ಕಿತ್ತು ಕಿವಿಯ ಹತ್ತಿರ ಅಲುಗಾಡಿಸಿದೆ, ಒಳಗಿನ ಹುಳು ಟಕಟಕ ಅಂತ ಸದ್ದು ಮಾಡಿತು. ಹಿಸುಕಿ ನೋಡಿದೆ, ಕಡಲೆಕಾಯಿಯ ಹಾಗೆ ಗಟ್ಟಿಯಾಗಿತ್ತು. ಸಪ್ಪೆ ರೋಗವಿಲ್ಲ, ಹಾಲು ರೋಗವಿಲ್ಲ, ಏನೂ ಇಲ್ಲ. ಹೊಂಗನೂರಿನಲ್ಲಿ ಗಟ್ಟಿಯಾಗಿದ್ದ ಗೂಡು ರಾಮನಗರಕ್ಕೆ ಹೋಗುವಷ್ಟರಲ್ಲಿ ಮೆತ್ತಗಾಗುತ್ತಿದೆ ಅಂದರೆ ಏನೇ ಆದರೂ ಅದು ದಾರಿಯಲ್ಲಿ ಆಗಬೇಕು. ಗೂಡು ಬಿಡಿಸುವ ದಿನ ನಾನೂ ಜೊತೆಗೆ ಬರುತ್ತೇನೆ ಅಂದೆ.

ಬಂದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು, ನಡುವೆ ಸುಡುವ ಬಿಸಿಲು. ಗೂಡು ಸಾಹೇಬರ ಘೋಷಣೆಯ ಚೀಲದಲ್ಲಿ, ಚೀಲ ಬಸ್ಸಿನ ಟಾಪಿನ ಮೇಲೆ. ಮಾರುಕಟ್ಟೆಯಲ್ಲಿ ಇಳಿಸಿ ಬಾಯಿ ಬಿಚ್ಚಿದಾಗ ಖಲೀಲ್ ಸಾಬರು ಬಂದರು. ಅವರಿಗೆ ಮೊಳಕೈವರೆಗೆ ತೋಳು ಮಡಿಸಿ ಚೀಲದ ನಡುವಿಗೇ ಕೈ ಇಳಿಸುವ ಅಭ್ಯಾಸ. ಇಳಿಸಿದವರು ತಟ್ಟನೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

‘ಗೂಡಿಗೆ ಹಬೆ ಹಾಕೋದು ನಮ್ಮ ಕೆಲ್ಸ ಮೇಡಂ’ ಅಂದರು. ‘ನೀವು ದಾರಿಯಲ್ಲೇ ಹಾಕ್ಕೊಂಡು ಬಂದ್ರೆ ನಮಗೇನು ಉಳೀತು?’

ನಾನೂ ಕೈ ಹಾಕಿದೆ. ಒಳಗೆ ಬಿಸಿ, ಒದ್ದೆ, ಹುಳಿ ವಾಸನೆ. ಗೂಡಿನೊಳಗಿನ ಹುಳು ಬದುಕಿರುತ್ತದೆ, ಉಸಿರಾಡುತ್ತದೆ, ಬೆವರುತ್ತದೆ. ನಾನು ಇದನ್ನು ಓದಿ ಪರೀಕ್ಷೆ ಬರೆದು ಪಾಸಾದವಳು. ಬಟ್ಟೆ ಚೀಲದಲ್ಲಿ ಆ ಬೆವರು ಹೊರಗೆ ಹೋಗುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಹೋಗಲು ದಾರಿಯಿಲ್ಲದೆ ಗೂಡಿಗೇ ಇಳಿಯುತ್ತಿತ್ತು. ಮಾಗಡಿಯ ಬಸ್ಸಿನಲ್ಲಿ ಮಡಿಲಲ್ಲಿ ಕೂತು ಬಂದ ಆ ಮರಿಹುಳುಗಳೇ ಕಣ್ಣಮುಂದೆ ಬಂದವು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬೋರೇಗೌಡನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಚೀಲದಲ್ಲಿ ರೋಗ ಇರುತ್ತದೆಯೇ ಅಂತ ನಕ್ಕ. ‘ಇನ್ನೊಂದು ಬೆಳೆ ನೋಡಾನ. ಆಮ್ಯಾಕೆ ಗುಣಿ ತೆಗ್ಸೋದೇಯ’ ಅಂದ. ಅಷ್ಟನ್ನು ಅವನ ಬಾಯಿಂದ ಹೊರಡಿಸಿದ್ದೂ ನಾನಲ್ಲ, ಚಿಕ್ಕತಾಯಮ್ಮ. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಕೋಲುಗಳು ಮಾತ್ರ ತೋಟದಲ್ಲಿ ನೆಟ್ಟ ಹಾಗೇ ಇದ್ದವು.

ಹಳೆಯ ಬದನೆಕಾಯಿ ಚೀಲ ಅಟ್ಟದ ಮೇಲೆ ಹುಚ್ಚೆಳ್ಳು ತುಂಬಿಕೊಂಡು ಕೂತಿತ್ತು. ಇಲಿ ಕಡಿದು ತೂತು ಮಾಡಿತ್ತು. ಚಿಕ್ಕತಾಯಮ್ಮ ಅದನ್ನು ಸೀಗೆಪುಡಿ ಹಾಕಿ ಒಗೆದು, ತನ್ನ ಹಳೆಯ ಸೀರೆಯ ತುಂಡು ಕೊಟ್ಟು ತೇಪೆ ಹಾಕಿದಳು. ಮುಂದಿನ ಬೆಳೆಯ ಗೂಡು ಬಿಡಿಸಿದ ದಿನ ಅರ್ಧ ಅದರಲ್ಲಿ ತುಂಬಿದೆವು, ಅರ್ಧ ಪ್ಲಾಸ್ಟಿಕ್ಕಿನಲ್ಲಿ. ಒಂದೇ ಮನೆಯ ಹುಳು, ಒಂದೇ ತೋಟದ ಸೊಪ್ಪು. ಟಾಪಿನ ಮೇಲೆ ಹಾಕಿದ್ದಕ್ಕೆ ಹೀಗಾಯಿತು ಅಂತ ಆಮೇಲೆ ಯಾರೂ ರಾಗ ಎಳೆಯಬಾರದು ಅಂತ ಎರಡು ಚೀಲಗಳನ್ನೂ ಬಸ್ಸಿನ ಒಳಗೆ ಹತ್ತಿಸಿದೆ. ಕಂಡಕ್ಟರು ಕೂಗಾಡಿದ. ನನ್ನ ಪಕ್ಕ ಹೇಗೂ ಯಾರೂ ಕೂರುವುದಿಲ್ಲ, ಚೀಲಗಳಾದರೂ ಕೂರಲಿ ಬಿಡಪ್ಪ ಅಂದೆ. ಬಸ್ಸಿನವರೆಲ್ಲ ನಕ್ಕರು, ಅವನೂ ಸುಮ್ಮನಾದ.

ಇದಕ್ಕೆ ಮುಂಚೆ ಸಾಹೇಬರ ಹತ್ತಿರ ಹೋಗಿ ವಿಷಯ ಹೇಳಿದ್ದೆ. ಅವರಿಗೆ ಕೋಪ ಬಂತು. ಇಲಾಖೆ ಕೊಟ್ಟ ಚೀಲದಿಂದ ಗೂಡು ಕೆಟ್ಟಿತು ಅಂತ ಇಲಾಖೆಯವಳೇ ಹೇಳಿಕೊಂಡು ತಿರುಗಿದರೆ ಪರಿಣಾಮ ಏನು ಗೊತ್ತಾ ಅಂದರು. ಬೇರೆ ಜಿಲ್ಲೆಯ ಹೆಸರೊಂದನ್ನು ಹೇಳಿ, ಅಲ್ಲಿ ಪ್ರದರ್ಶಕರು ಬೇಕಂತೆ ಅಂತ ಕಿಟಕಿಯ ಕಡೆ ನೋಡಿದರು. ನನಗೂ ರೇಗಿತು. ಎಲ್ಲಿಗೆ ಬೇಕಾದರೂ ಕಳಿಸಿ, ಅದಕ್ಕೆ ಮುಂಚೆ ಒಂದು ಸಲ ಮಾರುಕಟ್ಟೆಗೆ ಬಂದು ಚೀಲದೊಳಗೆ ಕೈ ಹಾಕಿ ಅಂದೆ. ಸಣ್ಣ ನೌಕರಳ ಬಾಯಲ್ಲಿ ಬರಬಾರದ ಮಾತು.

ಸಾಹೇಬರು ಬರುವುದಿಲ್ಲ ಅಂದುಕೊಂಡಿದ್ದೆ, ನಾವು ಚೀಲ ಹೊತ್ತು ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಬಂದಿದ್ದರು. ಇಸ್ತ್ರಿ ಮುರಿಯದ ಬಿಳಿ ಷರ್ಟು. ಖಲೀಲ್ ಸಾಬರು ಎರಡು ಚೀಲಗಳಿಗೂ ಕೈ ಇಳಿಸಿ ತೆಗೆದರು, ಸಾಹೇಬರಿಗೆ ದಾರಿ ಬಿಟ್ಟರು. ಸಾಹೇಬರು ತೋಳು ಮಡಿಸಿ ಮೊದಲು ಬಟ್ಟೆ ಚೀಲಕ್ಕೆ ಕೈ ಹಾಕಿದರು. ಆಮೇಲೆ ತಮ್ಮ ಘೋಷಣೆಯ ಚೀಲಕ್ಕೆ. ಅಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು. ಹೊರಗೆ ತೆಗೆದಾಗ ಕೂದಲೆಲ್ಲ ತೋಳಿಗೆ ಅಂಟಿಕೊಂಡಿತ್ತು. ‘ಇದೇನ್ರೀ, ಒಳಗೆ ಒಲೆ ಇಟ್ಟ ಹಾಗಿದೆ’ ಅಂದರು, ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. ಚೀಲದ ಮೇಲಿನ ಹಸಿರು ಅಕ್ಷರಗಳನ್ನು ಒಂದು ಸಲ ಓದಿಕೊಂಡರು. ಆಮೇಲೆ ಕರವಸ್ತ್ರದಿಂದ ಕೈ ಒರೆಸಿಕೊಂಡು ಜೀಪು ಹತ್ತಿದರು. ವರ್ಗಾವಣೆಯ ಮಾತು ಮತ್ತೆ ಎತ್ತಲಿಲ್ಲ.

ಎರಡೂ ಚೀಲಗಳನ್ನು ಖಲೀಲ್ ಸಾಬರೇ ಹರಾಜಿನಲ್ಲಿ ಕೂಗಿಕೊಂಡು ಒಯ್ದರು. ಕೈಗೆ ತಿಳಿದದ್ದು ಬೋರೇಗೌಡನಿಗೆ ಸಾಕಾಗಲಿಲ್ಲ. ಬೆಚ್ಚಗಿದ್ದರೇನಂತೆ, ನೂಲು ಚೆನ್ನಾಗಿ ಬರಬಹುದು ಅಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ನೂಲು ಬಿಚ್ಚಿದ ಮೇಲೆ ಹಳೆಯ ಪದ್ಧತಿಯಂತೆ ಚೀಲ ವಾಪಸ್ಸು ಬರಲಿ ಅಂತ ನಾನು ಖಲೀಲ್ ಸಾಬರನ್ನು ಕೇಳಿಕೊಂಡೆ. ಎಷ್ಟು ಕಾಲವಾಯಿತು ಮೇಡಂ ಆ ತಂತಿ ಮುಟ್ಟಿ ಅಂತ ಅವರ ಮುಖ ಅರಳಿತು.

ಮುಂದಿನ ವಾರ ಚಿಕ್ಕತಾಯಮ್ಮ ತಾನೂ ಬರುತ್ತೇನೆ ಅಂತ ಹಟ ಹಿಡಿದು ಗಂಡನ ಜೊತೆ ರಾಮನಗರಕ್ಕೆ ಬಂದಳು. ಆ ಗದ್ದಲ, ಆ ಗಂಡಸರ ಗುಂಪು ನೋಡಿ ಸೆರಗು ಬಿಗಿ ಮಾಡಿಕೊಂಡಳು. ನಾನು ಗೋಡೆಯ ಕಡೆಗೆ ಕರೆದುಕೊಂಡು ಹೋದೆ. ಕಾವಲುಗಾರನ ಟವೆಲ್ಲಿನ ಪಕ್ಕದಲ್ಲಿ ಎರಡು ಚೀಲಗಳು ನೇತಾಡುತ್ತಿದ್ದವು. ಒಂದು ಪ್ಲಾಸ್ಟಿಕ್ ಚೀಲ, ನೀಟಾಗಿ ಮಡಿಸಿ, ಸೆಣಬಿನ ದಾರ ಕಟ್ಟಿತ್ತು. ಪ್ಲಾಸ್ಟಿಕ್ ಚೀಲವನ್ನು ವಾಪಸ್ಸು ತಂದುಕೊಟ್ಟ ಮನುಷ್ಯರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಇನ್ನೊಂದು ಬದನೆಕಾಯಿ ಚೀಲ. ಅದರ ಬಾಯಿಗೆ ಹಳದಿ ರೇಷ್ಮೆಯ ಎಳೆ ಸುತ್ತಿ ಗಂಟು ಹಾಕಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

ಚಿಕ್ಕತಾಯಮ್ಮ ಮುಟ್ಟಲಿಲ್ಲ, ನೋಡುತ್ತ ನಿಂತಳು. ಅವಳು ಸಾಕಿದ ಹುಳು ನೂಲಾದದ್ದನ್ನು ಅವಳು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲವಂತೆ. ಮೊದಲೆಲ್ಲ ಬೋರೇಗೌಡ ಚೀಲವನ್ನು ಇಳಿಸಿ, ಎಳೆಯನ್ನು ದಾರಿಯಲ್ಲೇ ಬಿಚ್ಚಿ ಎಸೆದು ಬರುತ್ತಿದ್ದ. ಅದು ಅವನಿಗೆ ತಿಳಿಯಬೇಕಾದ ಸುದ್ದಿ, ತಿಳಿದ ಮೇಲೆ ಮುಗಿಯಿತು. ನಾನು ಅವನ ಮುಖ ನೋಡಿದೆ. ಅವನು ಸೆಣಬಿನ ದಾರ ನೋಡಿದ, ರೇಷ್ಮೆಯ ಎಳೆ ನೋಡಿದ, ಮತ್ತೆ ಸೆಣಬು ನೋಡಿದ. ಕೊನೆಗೆ ಅವನೇ ಬಟ್ಟೆ ಚೀಲವನ್ನು ಇಳಿಸಿ, ಮಡಿಸಿ, ಹೆಂಡತಿಯ ಕೈಗೆ ಕೊಟ್ಟ.

‘ನಡಿ, ಬಸ್ಸು ಹೋದಾತು’ ಅಂದ. ‘ಸೊಪ್ಪು ಕುಯ್ಯೋ ಹೊತ್ತಾಯ್ತು.’

ಅಷ್ಟೇ. ಗುಣಿಯ ಮಾತಿಲ್ಲ. ಮಾರುಕಟ್ಟೆಯ ನಡುವೆ ನಿಂತು ನಾನು ಅತ್ತುಬಿಟ್ಟೆ, ಖಲೀಲ್ ಸಾಬರು ಟೀ ತರಿಸಿದರು.

ಇದಾದ ಮೇಲೆ ಎಲ್ಲರೂ ಬುದ್ಧಿವಂತರಾದರು ಅಂತ ಬರೆಯುವಷ್ಟು ಸುಳ್ಳುಗಾರ್ತಿ ನಾನಲ್ಲ. ಹೊಂಗನೂರಿನವರು ಬಟ್ಟೆ ಚೀಲ ಹೊಲಿಸಿದರು, ರೈಲ್ವೆ ಗೇಟಿನ ಕಡೆಯ ಹೆಂಗಸರಿಗೆ ಒಂದಷ್ಟು ದಿನ ಹೊಲಿಗೆ ಕೆಲಸ ಸಿಕ್ಕಿತು, ತಂತಿ ಅರ್ಧ ತುಂಬಿತು. ಉಳಿದರ್ಧದಲ್ಲಿ ಕಾವಲುಗಾರನ ಟವೆಲ್ಲು ಉಳಿಯಿತು. ಸಾಹೇಬರು ಹಂಚದೆ ಉಳಿದ ಚೀಲಗಳನ್ನು ಬಿಚ್ಚಿಸಿ ಆಫೀಸಿನ ಸೋರುವ ಹೆಂಚಿನ ಮೇಲೆ ಹೊದಿಸಿದರು. ‘ಗಾಳಿಯೇ ಹುಳುವಿನ ಉಸಿರು’ ಅನ್ನುವ ಘೋಷಣೆ ತಲೆಕೆಳಗಾಗಿ ಆಕಾಶ ನೋಡಿಕೊಂಡು ಬಹಳ ಕಾಲ ಇತ್ತು. ಮಳೆ ಸೋರುವುದು ಮಾತ್ರ ನಿಂತಿತು, ಅದನ್ನು ಒಪ್ಪಿಕೊಳ್ಳಬೇಕು.

ನಾನು ಪ್ಲಾಸ್ಟಿಕ್ ಅಂದರೆ ಉರಿದುಬೀಳುವವಳಲ್ಲ. ಬಿದಿರು ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿನ ಮಡಚುವ ನೇತ್ರಿಕೆ ಬಂದಾಗ, ಬೇಡ ಅಂದ ರೈತರ ಜೊತೆ ಜಗಳ ಆಡಿದವಳು ನಾನೇ. ಅದನ್ನು ತೊಳೆಯಬಹುದು, ಔಷಧಿ ನೀರಲ್ಲಿ ಅದ್ದಬಹುದು, ವರ್ಷ ವರ್ಷ ಬಳಸಬಹುದು. ಆಮೇಲೆ ಗೂಡು ತರಲು ಸುತ್ತಲೂ ಕಿಂಡಿಗಳಿರುವ ಕ್ರೇಟುಗಳು ಬಂದವು. ಒಂದರ ಮೇಲೊಂದು ಪೇರಿಸಿದರೂ ಗಾಳಿ ಆಡುತ್ತದೆ, ಮಳೆಗೆ ಕೊಳೆಯುವುದಿಲ್ಲ, ಇಲಿ ಕಡಿಯುವುದಿಲ್ಲ. ಅದೂ ಪ್ಲಾಸ್ಟಿಕ್ಕೇ. ಹೊಸಬರಿಗೆ ನಾನು ಹೇಳುವುದಿಷ್ಟು: ರೈತನ ಕೈಗೆ ಯಾವ ವಸ್ತು ಕೊಡುವ ಮೊದಲೂ ಇದು ವಾಪಸ್ಸು ಬರುತ್ತದೆಯೇ ಅಂತ ಕೇಳಿಕೊಳ್ಳಿ. ವಾಪಸ್ಸು ಬರುವ ವಸ್ತುವನ್ನು ಜನ ಒಗೆಯುತ್ತಾರೆ, ತೇಪೆ ಹಾಕುತ್ತಾರೆ, ಅದರ ಮೇಲೆ ತಮ್ಮ ಗುರುತು ಹಾಕುತ್ತಾರೆ. ಜೊತೆಗೆ ಅದನ್ನು ಹಿಂತಿರುಗಿಸುವವನು ಒಂದು ಮಾತನ್ನೂ ಕಳಿಸುತ್ತಾನೆ.

ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ, ಈಚೆಗೆ ಕಣ್ಣು ತೋರಿಸಲು ರಾಮನಗರಕ್ಕೆ ಹೋದವಳು ಕಾಲು ಎಳೆದ ಕಡೆಗೆ ಹೋಗಿ ಮಾರುಕಟ್ಟೆಯಲ್ಲಿ ನಿಂತೆ. ತಂತಿ ಇದ್ದ ಗೋಡೆ ಈಗಿಲ್ಲ. ಖಲೀಲ್ ಸಾಬರೂ ಇಲ್ಲ, ಫಿಲೇಚರನ್ನು ಅವರ ಮಗ ನಡೆಸುತ್ತಿದ್ದಾರೆ. ಗೋಡೆ ಇದ್ದ ಜಾಗದಲ್ಲಿ ಖಾಲಿ ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿದ್ದರು. ಒಂದು ಸಾಲಿನ ಮೇಲೆ ಕೆಂಪು ಪೇಂಟಿನಲ್ಲಿ ಬದನೆಕಾಯಿ ಇತ್ತು. ಈ ಸಲ ಗುಬ್ಬಿ ಅಂತ ಯಾರೂ ವಾದಿಸುವ ಹಾಗಿರಲಿಲ್ಲ, ತೊಟ್ಟು ಕೂಡ ಬರೆದಿದ್ದರು. ಅವನ್ನು ಇಳಿಸಿಕೊಳ್ಳುತ್ತಿದ್ದ ಹೆಂಗಸನ್ನು ಮಾತಾಡಿಸಿದೆ. ಚಿಕ್ಕತಾಯಮ್ಮನ ಸೊಸೆಯಂತೆ, ಮಂಜುಳಾ ಅಂತ ಹೆಸರು. ಹಿಪ್ಪುನೇರಳೆ ತ್ವಾಟ ಹೆಂಗೈತೆ ಅಂತ ಕೇಳಿದೆ, ಅವರ ಮಾತು ನನ್ನ ಬಾಯಿಗೂ ಬಂದುಬಿಡುತ್ತದೆ. ಅಂಗೇ ಐತೆ, ಪಕ್ಕದ ಹೊಲಕ್ಕೂ ಹಾಕವ್ರೆ ಅಂದಳು.

ಆಗ ಕ್ರೇಟಿನ ಹಿಡಿ ನೋಡಿದೆ. ಹಿಡಿಯ ಸುತ್ತ ರೇಷ್ಮೆಯ ಎಳೆ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು, ಹಳದಿ, ಬಿಳಿ, ದಪ್ಪಗೆ ಸುತ್ತಿಕೊಂಡಿತ್ತು. ನಡುವೆ ಒಂದು ಕಡೆ ಸೆಣಬಿನ ದಾರದ ಸುತ್ತೂ ಇತ್ತು. ಅದನ್ನೇಕೆ ಬಿಚ್ಚಿಲ್ಲ ಅಂತ ಕೇಳಿದೆ.

‘ಅದು ಹೋದ್ ಮಳೆಗಾಲದ್ದು, ಸೊಪ್ಪು ನೆನ್ದಿತ್ತು’ ಅಂದಳು ಮಂಜುಳಾ. ‘ಯಾವ್ದನ್ನೂ ಬಿಚ್ಬ್ಯಾಡ ಅಂದವ್ರೆ ನಮ್ಮತ್ತೆ. ಅವ್ರಿಗೀಗ ಕಣ್ಣು ಕಾಣಾಕಿಲ್ಲ. ಕ್ರೇಟು ಮನೆಗೆ ಬತ್ತಿದ್ದಂಗೆ ಹಿಡಿ ಮುಟ್ಟಿ ನೋಡ್ತಾರೆ, ಮ್ಯಾಲಿಂದು ರೇಷ್ಮೆಯಾ ಸೆಣಬಾ ಅಂತ. ಆಮೇಲೇನೆ ಊಟ.’

ಡಾಕ್ಟರು ನನ್ನ ಕಣ್ಣಿಗೆ ಔಷಧಿ ಬಿಟ್ಟಿದ್ದರು, ಅಷ್ಟು ಹೊತ್ತಿಗೆ ಎಲ್ಲ ಮಂಜು ಮಂಜಾಗತೊಡಗಿತ್ತು. ನಾನೂ ಕೈ ಚಾಚಿ ಎಲ್ಲಕ್ಕಿಂತ ಮೇಲಿನ ಎಳೆಯನ್ನು ಮುಟ್ಟಿ ನೋಡಿದೆ. ರೇಷ್ಮೆಯೇ.